ಪಟ್ಟಿಯಲ್ಲಿ ಒಂದನ್ನು ಬಿಟ್ಟೆ

ಪ್ರೀತಿಯ ತಮ್ಮಾ,

ನೀನು ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು, ಆಸ್ಪತ್ರೆಯಿಂದ ಎಡಗೈಯಲ್ಲಿ ಗೀಚಿ ಕಳಿಸಿದ ಪಟ್ಟಿಯಂತೆ ಗೇಮಿಂಗ್ ಕಂಪ್ಯೂಟರಿನ ಸಾಮಾನು ತಂದೆ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್. ಬಣ್ಣದ ದೀಪದ ಕ್ಯಾಬಿನೆಟ್ ಬೇಡವೆಂದೆ, ಉಳಿದ ದುಡ್ಡಿಗೆ ಒಳ್ಳೆಯ ಪವರ್ ಸಪ್ಲೈ ಬಂತು.

ದಿನಾ ಹೊಲಿಗೆ ಮಷೀನ್ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ ಎಂದುಕೊಂಡೆ. ಎರಡು ದಿನ ಪರದೆ ಕಪ್ಪಗೇ ಇತ್ತು! ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದೆ. ಬದಲಿಸಿದೆ, ಪರದೆ ಬೆಳಗಿತು, ಹೋದ ಜೀವ ಬಂದಂತಾಯಿತು.

ಒಂದನ್ನು ಮಾತ್ರ ಬೇಕೆಂದೇ ತರಲಿಲ್ಲ: ನೀನು ಕೇಳಿದ ಎಡಗೈ ಮೌಸ್. ನಿನ್ನ ಬಲಗೈ ಸರಿಹೋಗುತ್ತದೆಂಬ ನಂಬಿಕೆ ನನಗಿತ್ತು. ಇವತ್ತು ಬೆಳಿಗ್ಗೆ ನಿನ್ನ ಡಾಕ್ಟರೂ ಫೋನ್ ಮಾಡಿ, "ಇನ್ನು ಭಯ ಇಲ್ಲಮ್ಮ, ಬೆರಳೆಲ್ಲ ಮೊದಲಿನ ಹಾಗೇ ಆಡ್ತವೆ" ಅಂದರು.

ಎಲ್ಲರೂ ಬಳಸುವ ಮೌಸನ್ನೇ ಮೇಜಿನ ಬಲಗಡೆ ಇಟ್ಟಿದ್ದೇನೆ. ಆಟದಲ್ಲಿ ನನ್ನನ್ನು ಸೋಲಿಸುವುದಿದ್ದರೆ ಆ ಕೈಯಲ್ಲೇ ಸೋಲಿಸು.

ನಿನ್ನ ಅಕ್ಕ