ಮೊಂತಿ ಹಬ್ಬಕ್ಕೆ ಪಾದೆಯ ಹೂ

ಕುಕ್ಕುಂದೂರು
೧೯ ಸೆಪ್ಟೆಂಬರ್ ೨೦೨೪, ಗುರುವಾರ

ಪ್ರೀತಿಯ ಕುಶಲಕ್ಕನಿಗೆ,

ಎರಡು ಗೇಟು ಆಚೆ ಇರುವವಳು ಕಾಗದ ಬರೆದಿದ್ದಾಳಲ್ಲ, ಇವಳಿಗೆ ಎಂತ ಆಯಿತು ಎಂದು ನೀವು ಕನ್ನಡಕ ಹುಡುಕುತ್ತಿರಬಹುದು. ಎದುರು ಕೂತು ಹೇಳಿಬಿಡೋಣ ಎಂದು ಈ ವಾರ ಎರಡು ಸಲ ನಿಮ್ಮ ಮನೆಗೆ ಬಂದೆ. ಬಂದವಳು ಬಂಗುಡೆಯ ರೇಟು, ಕಾರ್ಕಳ ಬಸ್‌ಸ್ಟ್ಯಾಂಡಿನ ಎದುರಿನ ಹೊಂಡ, ನಿಮ್ಮ ಸೊಸೆ ಭವ್ಯಶ್ರೀಯ ಹೊಸ ಸ್ಕೂಟರು ಎಂದೆಲ್ಲ ಹರಟಿ, ನೀವು ಕೊಟ್ಟ ಚಾ ಕುಡಿದು ಎದ್ದು ಹೋದೆ. ತುಳುವಿನಲ್ಲಿ ಮಾತು ತಿರುಗಿಸುವುದು ನನಗೆ ಬಹಳ ಸುಲಭ. ಕನ್ನಡದಲ್ಲಿ ಬರೆಯಲು ಕೂತರೆ ಶಾಲೆಯ ಶಿಸ್ತು ಬರುತ್ತದೆ, ಶುರು ಮಾಡಿದ್ದನ್ನು ಮುಗಿಸಬೇಕಾಗುತ್ತದೆ.

ಮೊದಲು ಸಣ್ಣ ಸುಳ್ಳು. ಮೊಣಕಾಲು ನೋವು, ಇನ್ನು ಸ್ವಲ್ಪ ಕಾಲ ಭಾನುವಾರದ ಪಾದೆಕಲ್ಲಿನ ಕೆಲಸಕ್ಕೆ ಬರಲಾಗುವುದಿಲ್ಲ ಎಂದು ಸೋಮವಾರ ನಮ್ಮ ಪಾದೆ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ನೀವು ಸಂಜೆಯೊಳಗೆ ಎಣ್ಣೆ ಕಳುಹಿಸಿದಿರಿ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಎಣ್ಣೆಯ ಬಾಟಲಿ ಮುಚ್ಚಳ ತೆಗೆಯದೆ ಅಡುಗೆಮನೆಯ ಕಿಟಕಿಯಲ್ಲಿ ಉಂಟು. ಪಾತ್ರೆ ತೊಳೆಯುವಾಗ ಅದರ ಕಡೆ ನೋಡದ ಹಾಗೆ ತೊಳೆಯುತ್ತೇನೆ.

ಇನ್ನು ದೊಡ್ಡದು. ಈ ಭಾನುವಾರ ನೀವೆಲ್ಲ ಸೇರಿ ಪಾದೆಯ ಕೆಳಗಿನ ದಾರಿಗೆ ತಂತಿಬೇಲಿ ಹಾಕುವವರಿದ್ದೀರಿ, ನಮ್ಮೊಟ್ಟಿಗೆ ಕಸ ಹೆಕ್ಕುತ್ತಿದ್ದ ಸುಂದರನ ದನಗಳು ಮೇಲೆ ಬಾರದ ಹಾಗೆ. ದಯವಿಟ್ಟು ಹಾಕಬೇಡಿ. ಸುಂದರನ ದನಗಳು ಹೂ ಹಾಳು ಮಾಡಿಲ್ಲ. ಹಾಳು ಮಾಡಿದ್ದು ನಾವು, ನಾನು ಮತ್ತು ನನ್ನ ಕ್ರಿಸ್ತೋಪದೇಶ ಕ್ಲಾಸಿನ ಮಕ್ಕಳು.

ಬರೆದಾಯಿತು. ಮುಂದಿನದ್ದನ್ನು ಓದುವ ಮೊದಲು ಬೇಕಾದರೆ ಎದ್ದು ಒಂದು ಸುತ್ತು ನಡೆದು ಬನ್ನಿ, ನಾನು ಬೇಸರಿಸುವುದಿಲ್ಲ.

ಆ ಪಾದೆ ಎಂತದ್ದು ಎಂದು ನಿಮಗೆ ಹೇಳುವ ಅಗತ್ಯ ಇಲ್ಲ. ಆದರೂ ನಾನೇ ಬರೆಯಬೇಕು, ಏನನ್ನು ಹಾಳು ಮಾಡಿದ್ದೇನೆ ಎಂಬುದು ನನ್ನ ಅಕ್ಷರದಲ್ಲೇ ಇರಲಿ. ಸುತ್ತ ಲೇಔಟು ಎದ್ದು ಮನೆಗಳಾದ ಮೇಲೆ ನಡುವೆ ಉಳಿದ ಕಲ್ಲಹಾಸು ಅದು. ಬೇಸಿಗೆಯಲ್ಲಿ ಕರಿಕಲ್ಲು, ಬಾಟಲಿ, ಹರಿದ ಚೀಲ. ಎಲ್ಲರೂ ಅದನ್ನು ಖಾಲಿ ಜಾಗ ಎನ್ನುತ್ತಿದ್ದರು. ಲಾರಿಯಲ್ಲಿ ಮಣ್ಣು ತರಿಸಿ ಗಿಡ ನೆಡುವ ಎಂದು ಉಮಾನಾಥಣ್ಣನೇ ಮೊದಲು ಹೇಳಿದ್ದು ನೆನಪುಂಟಾ? ಬ್ಯಾಂಕಿನಿಂದ ನಿವೃತ್ತರಾದ ಹುರುಪು ಅವರಿಗೆ. ಆಗ ನೀವು ಅವರನ್ನು ಮಳೆಗಾಲದಲ್ಲಿ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಬಗ್ಗಿ ನೋಡಿ ಎಂದಿರಿ. ಕಲ್ಲಿನ ಗುಳಿಗಳಲ್ಲಿ ಬೆರಳಿನಷ್ಟು ಮಣ್ಣು, ಅದರಲ್ಲಿ ನೀಲಿ ಹೂ, ಹಳದಿ ಹೂ, ಶರಟಿನ ಗುಂಡಿಗಿಂತ ಸಣ್ಣ ಬಿಳಿ ಹೂ. ನೆಟ್ಟವರಿಲ್ಲ, ನೀರು ಹಾಕುವವರಿಲ್ಲ. ಉಮಾನಾಥಣ್ಣ ಬಗ್ಗಿದವರು ಏಳಲಾಗದೆ ಸುಂದರನ ಹೆಗಲು ಹಿಡಿದು ಎದ್ದರು. ಅಂದಿನಿಂದ ಗಿಡ ನೆಡುವ ಮಾತು ಬಿಟ್ಟು, ಬೀಜ ಬಿದ್ದು ಹುಟ್ಟುವ ಅಕೇಶಿಯಾ ಸಸಿ ಕೀಳುವುದು, ಕಸ ಹೆಕ್ಕುವುದು, ಇಷ್ಟೇ ನಮ್ಮ ಭಾನುವಾರದ ಕೆಲಸವಾಯಿತು.

ಅಲ್ಲಿ ಹೂ ಕೀಳುವಂತಿಲ್ಲ, ಪೂಜೆಗೂ ಇಲ್ಲ ಇಗರ್ಜಿಗೂ ಇಲ್ಲ ಎಂಬ ಮಾತು ಬಂದಾಗ ಎಲ್ಲರೂ ನನ್ನ ನಿಮ್ಮ ಮುಖ ನೋಡಿದರು. ಸೋಣ ತಿಂಗಳ ಹೊಸ್ತಿಲು ಪೂಜೆಗೆ ನಿಮ್ಮ ಅತ್ತೆಯ ಕಾಲದಿಂದ ಹೂ ಬರುತ್ತಿದ್ದದ್ದು ಪಾದೆಯಿಂದ. ನೀವು ಒಂದು ಮಾತಾಡದೆ ಚಟ್ಟಿಯಲ್ಲಿ ಗೌರಿ ಹೂ ಬೆಳೆಸಲು ಶುರು ಮಾಡಿದಿರಿ. ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಾತೆ ಮರಿಯಮ್ಮನಿಗೆ ಹೂ ಕೊಂಡೊಯ್ಯುವುದು ನಮ್ಮ ಮಕ್ಕಳ ಸಂಭ್ರಮ, ಅವರಿಗೂ ಮನೆಯ ಅಂಗಳದ ಹೂ ಸಾಕು ಎಂದು ನಾನು ದೊಡ್ಡ ಗಂಟಲಲ್ಲಿ ಹೇಳಿದೆ. ಸಭೆಯಲ್ಲಿ ನನ್ನದೇ ಚಪ್ಪಾಳೆ ಹೆಚ್ಚು.

ಈ ವರ್ಷ ಮಕ್ಕಳು ತಂದದ್ದು ಅಂಗಡಿಯ ಸೇವಂತಿಗೆ, ಗೊಂಡೆ. ಒಬ್ಬ ಹುಡುಗ ಪ್ಲಾಸ್ಟಿಕ್ ಹೂ ತಂದಿದ್ದ, ನಾಳೆಗೂ ಆಗುತ್ತದೆ ಟೀಚರ್ ಎಂದ. ಹೊಸದಾಗಿ ಬಂದ ಫಾದರ್ ನಗುತ್ತಲೇ ಕೇಳಿದರು, ಈ ಊರಿನ ಮಣ್ಣಿನ ಹೂ ಒಂದಾದರೂ ನಿಮ್ಮ ಮಕ್ಕಳಿಗೆ ಗೊತ್ತುಂಟಾ ಎಂದು. ಅವರು ತಮಾಷೆಗೆ ಕೇಳಿದ್ದು. ನನಗೆ ಅದು ನಾಟಿತು. ಪಾದೆ ಬಳಗದಲ್ಲಿ ಇಷ್ಟು ವರ್ಷ ಇದ್ದವಳು ನಾನು, ನನ್ನ ಕ್ಲಾಸಿಗೆ ಹೂ ಗೊತ್ತಿಲ್ಲವಾ?

ಒಂಬತ್ತನೆಯ ದಿನ ಈ ಸಲ ಚೌತಿಯಂದೇ ಬಂತು. ಮರುದಿನ ನಮ್ಮ ಹಬ್ಬ. ಎರಡೂ ಕೂಡಿ ಬಂದದ್ದರಿಂದ ಆ ಭಾನುವಾರ ಪಾದೆಯ ಕೆಲಸಕ್ಕೆ ರಜೆ ಎಂದು ನೀವೇ ಹೇಳಿದ್ದಿರಿ. ಚೌತಿಯ ಮಧ್ಯಾಹ್ನ ನಿಮ್ಮೆಲ್ಲರ ಮನೆಯಲ್ಲಿ ನೆಂಟರು, ಕಡುಬು. ಪಾದೆಯ ಕಡೆ ತಲೆ ಹಾಕುವವರು ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಹೊತ್ತು ಆರಿಸಿದೆ. ಮಕ್ಕಳಿಗೆ ಹೂ ತೋರಿಸಿ, ಹೆಸರು ಹೇಳಿ, ಅಂಚಿನ ಪೊದೆಯಿಂದ ನಾಲ್ಕು ನೆಕ್ಕರೆ, ನಾಲ್ಕು ಕೇಪುಳ ಹೂ ಕೊಯ್ದುಕೊಂಡು ಬರುವ ಎಂದಷ್ಟೇ ಇತ್ತು. ಆದರೆ ಮಕ್ಕಳಲ್ಲವಾ ಅಕ್ಕ, ಅವುಗಳಿಗೆ ಎಂತ ಗೊತ್ತು. ನನಗೆ ಯಾವುದೋ ಫೋನ್ ಬಂತು, ತಿರುಗಿ ನೋಡುವಾಗ ಬುಟ್ಟಿಗಳು ತುಂಬಿದ್ದವು. ಬೆರಳಿನಷ್ಟು ಮಣ್ಣಿನಲ್ಲಿ ನಿಂತ ಗಿಡ, ಹೂ ಎಳೆದರೆ ಬೇರು ಸಮೇತ ಬರುತ್ತದೆ. ಬೀಜ ಕಟ್ಟುವ ಮೊದಲೇ ಎಲ್ಲ ಹೋಯಿತು.

ಇಗರ್ಜಿಯಲ್ಲಿ ಆ ಬುಟ್ಟಿಗಳನ್ನು ನೋಡಿ ಫಾದರ್ ಬಲಿಪೀಠದಿಂದಲೇ ಹೊಗಳಿದರು. ಜನ ತಿರುಗಿ ನನ್ನನ್ನು ನೋಡಿದರು. ನಿಜ ಹೇಳುತ್ತೇನೆ, ಆಗ ನನಗೆ ಪಶ್ಚಾತ್ತಾಪ ಆಗಲಿಲ್ಲ, ಸಂತೋಷವೇ ಆಯಿತು. ಒಬ್ಬರು ಫೋಟೋ ತೆಗೆಯಲು ಬಂದಾಗ ಮಾತ್ರ ಮಕ್ಕಳ ಮುಖ ಮೊಬೈಲಿನಲ್ಲಿ ಹಾಕುವುದು ಬೇಡ ಎಂದು ತಡೆದೆ. ಎಷ್ಟು ಜವಾಬ್ದಾರಿಯ ಟೀಚರ್ ಎಂದುಕೊಂಡಿರಬೇಕು ಅವರು. ನನಗೆ ಫೋಟೋದಲ್ಲಿ ಬೇಡವಾದದ್ದು ಹೂವಿನ ಮುಖ.

ಮುಂದಿನ ಭಾನುವಾರ ಏನಾಯಿತು ಎಂಬುದಕ್ಕೆ ನೀವೇ ಸಾಕ್ಷಿ. ಪಾದೆ ನೋಡಿ ನೀವು ಕಲ್ಲಿನ ಮೇಲೆ ಕೂತುಬಿಟ್ಟಿರಿ. ಮಳೆಗೆ ಹೆಜ್ಜೆಯ ಗುರುತೆಲ್ಲ ಹೋಗಿತ್ತು, ಅಂಚಿನ ಕೆಸರಿನಲ್ಲಿ ದನದ ಗೊರಸಿನ ಗುರುತು ಮಾತ್ರ ಇತ್ತು. ಉಮಾನಾಥಣ್ಣ ಅದನ್ನು ತೋರಿಸಿ ಕೂಗಾಡಿದರು. ಸುಂದರ ಮೊದಲು ನಕ್ಕ. ಈ ದನಗಳು ಇಲ್ಲಿ ನಾನು ಹುಟ್ಟುವ ಮೊದಲಿನಿಂದ ಮೇಯುತ್ತವೆ ಅಣ್ಣ, ಉದ್ದ ಹುಲ್ಲು ಬಿಟ್ಟು ಆ ಚುಕ್ಕಿ ಹೂವಿಗೆ ಯಾಕೆ ಬಾಯಿ ಹಾಕುತ್ತವೆ ಎಂದು ಕೇಳಿದ. ಯಾರೂ ನಗದಿದ್ದಾಗ ಅವನ ಮುಖ ಸಣ್ಣದಾಯಿತು. ಟೀಚರ್, ನೀವಾದರೂ ಹೇಳಿ ಮಾರಾಯ್ರೆ ಎಂದು ನನ್ನ ಕಡೆ ತಿರುಗಿದ.

ನಾನು ಮೊಬೈಲು ತೆಗೆದು ಏನೋ ಓದುತ್ತಿರುವ ಹಾಗೆ ಮಾಡಿದೆ. ಅದರಲ್ಲಿ ಏನೂ ಇರಲಿಲ್ಲ.

ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದು ಪಾದೆಯ ಹುಲ್ಲಿಗೆ ಬೆಂಕಿ ಬಿದ್ದಾಗ ಹಸಿ ಸೊಪ್ಪಿನಿಂದ ಬಡಿದು ಆರಿಸಿದವನು ಅವನು. ನಾವೆಲ್ಲ ಫೈರ್ ಇಂಜಿನ್ನಿನ ನಂಬರ್ ಹುಡುಕುತ್ತಿದ್ದೆವು. ಅಂಥವನಿಗೆ ಬಳಗದವರು ಇನ್ನು ನೀನು ಬರುವುದು ಬೇಡ ಎಂದಾಗ ನಾನು ಎದುರೇ ನಿಂತಿದ್ದೆ. ಬೇಲಿ ಬಿದ್ದರೆ ಮೇವು ಸಾಲದೆಂದು ಅವನು ಒಂದು ದನವನ್ನು ಅಜೆಕಾರಿನ ತಂಗಿಯ ಮನೆಗೆ ಬಿಟ್ಟು ಬಂದನಂತೆ. ಮೊನ್ನೆ ದಾರಿಯಲ್ಲಿ ಸಿಕ್ಕಿ, ಮೊಣಕಾಲು ಹೇಗುಂಟು ಟೀಚರ್ ಎಂದು ವಿಚಾರಿಸಿದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ ಕುಶಲಕ್ಕ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಯಾಕೆ ಅಂದೇ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಇಗರ್ಜಿಯ ಮಕ್ಕಳು ಹೂ ಹಾಳು ಮಾಡಿದರು ಎಂದು ಯಾರಾದರೂ ಮೊಬೈಲಿನಲ್ಲಿ ಹಾಕಿದರೆ, ನಿಮ್ಮವರು ನಮ್ಮವರು ಎಂಬ ಮಾತು ಶುರುವಾದರೆ, ಒಟ್ಟಿಗೆ ಕಸ ಹೆಕ್ಕುವ ಈ ಬಳಗವೇ ಒಡೆದರೆ ಎಂದು ಹೆದರಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಈಗಿನ ಕಾಲಕ್ಕೆ ಅದು ಪೂರ್ತಿ ಸುಳ್ಳು ಹೆದರಿಕೆಯೂ ಅಲ್ಲ. ಆದರೆ ನಾನು ಬಾಯಿ ಮುಚ್ಚಿದ್ದು ಊರಿನ ಶಾಂತಿಗಾಗಿ ಅಲ್ಲ, ನನ್ನ ಮರ್ಯಾದೆಗಾಗಿ. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲ ಮಾತ್ರೆ ನುಂಗಿದೆ ಎನ್ನುವವರ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವರು ನೀವು. ನನ್ನದನ್ನು ಹಿಡಿಯಲಿಲ್ಲ. ನೀವು ನನ್ನನ್ನು ಅಷ್ಟು ನಂಬಿದ್ದೀರಿ ಎಂಬುದೇ ನನಗೆ ದೊಡ್ಡ ಶಿಕ್ಷೆಯಾಗಿದೆ.

ಭಾನುವಾರ ಈ ಕಾಗದವನ್ನು ಬಳಗಕ್ಕೆ ಓದಿ ಹೇಳಿ. ಸುಂದರನ ಮನೆಗೆ ಹೋಗಿ ಅವನನ್ನು ಕರೆದುಕೊಂಡು ಬನ್ನಿ, ಉಮಾನಾಥಣ್ಣನೂ ಜೊತೆಗೆ ಹೋಗಲಿ. ನಾನು ಮನೆಯಲ್ಲೇ ಇರುತ್ತೇನೆ. ಮಕ್ಕಳ ವಿಷಯ ಮಾತ್ರ ಓದುವುದು ಬೇಡ, ಪಾಪ, ಸಣ್ಣವರು, ಯಾರೂ ಹೋಗಿ ಅವರನ್ನು ಕೇಳುವುದೂ ಬೇಡ. ಇಷ್ಟು ನನಗಾಗಿ ಮಾಡಿ. ಬಳಗದಿಂದ ನನ್ನನ್ನು ತೆಗೆದರೆ ನಾನು ಒಂದು ಮಾತು ಆಡುವುದಿಲ್ಲ.

ನಿಮ್ಮ ಎಣ್ಣೆಗೆ ಯೋಗ್ಯಳಲ್ಲದ
ಲವಿಟಾ

ತಾ.ಕ.: ಲಕೋಟೆ ಅಂಟಿಸಿ ಗೇಟಿನವರೆಗೆ ಹೋದವಳು ತಿರುಗಿ ಬಂದು ಅದನ್ನು ಹರಿದು ಕಾಗದ ಹೊರತೆಗೆದೆ. ಕುಶಲಕ್ಕ, ಮಕ್ಕಳು ಯಾರೂ ಬಂದಿರಲಿಲ್ಲ. ಫೋನೂ ಬಂದಿರಲಿಲ್ಲ. ಚೌತಿಯ ಮಧ್ಯಾಹ್ನ ಪಾದೆಗೆ ಹೋದದ್ದು ನಾನೊಬ್ಬಳೇ. ಕಲ್ಲಿನ ಪಾಚಿ ಹರಿಯಬಾರದು ಎಂದು ಚಪ್ಪಲಿ ಕಳಚಿಟ್ಟು, ಕುಕ್ಕುರುಗಾಲಲ್ಲಿ ಕೂತು, ಇಗರ್ಜಿಯ ಗಂಟೆ ಆಗುವವರೆಗೆ ಕಿತ್ತೆ. ಬೇರು ಬರುವುದು ಕಾಣುತ್ತಿತ್ತು, ಆದರೂ ಕಿತ್ತೆ. ಮಕ್ಕಳ ಕೈಗೆ ಬುಟ್ಟಿ ಸಿಕ್ಕಿದ್ದು ಇಗರ್ಜಿಯ ಬಾಗಿಲಲ್ಲಿ. ಮಕ್ಕಳು ಎಂದರೆ ನೀವು ಬೇಗ ಕ್ಷಮಿಸುತ್ತೀರಿ ಎಂದು ಹಾಗೆ ಬರೆದೆ, ಅವರನ್ನು ಕೇಳಬೇಡಿ ಎಂದದ್ದು ನಾನು ಸಿಕ್ಕಿಬೀಳಬಾರದು ಎಂದು. ಅಂದು ದನಗಳ ಹಿಂದೆ ಅಡಗಿದೆ, ಇಂದು ಮಕ್ಕಳ ಹಿಂದೆ. ಬೇರೆ ಕಾಗದ ಬರೆಯಲು ಕೂತರೆ ಅಡಗಲು ಇನ್ನೊಂದು ಜಾಗ ಹುಡುಕುತ್ತೇನೆ, ಅದಕ್ಕೆ ಇದನ್ನೇ ಕಳುಹಿಸುತ್ತಿದ್ದೇನೆ. ಭಾನುವಾರ ನೀವು ಓದುವುದು ಬೇಡ. ಕಾಗದವನ್ನು ಪಾದೆಗೆ ತನ್ನಿ. ಸುಂದರನ ಎದುರು ನಿಂತು ನಾನೇ ಓದುತ್ತೇನೆ, ಮಕ್ಕಳ ಮೇಲೆ ಹಾಕಿದ ಸುಳ್ಳನ್ನೂ ಸೇರಿಸಿ.