ಅಂಚಿನ ಗೆರೆ

ಜೂನ್ 3. ಬೆಳಿಗ್ಗೆ 11

ಮತ್ತೆ ವಾಪಸ್. ಹದಿನೈದು ದಿನದಲ್ಲಿ ನಾಲ್ಕನೆಯದು. ಕೊರಿಯರ್ ಡಬ್ಬಿಯಲ್ಲಿ ನನ್ನದೇ ಕ್ರೌನು, ಜೊತೆಗೆ ಡಾಕ್ಟರಮ್ಮನ ಚೀಟಿ — "ಅಂಚು ಕೂರುತ್ತಿಲ್ಲ. ದಯವಿಟ್ಟು ನೋಡಿ."

ದಯವಿಟ್ಟಂತೆ! ಆಕೆ ಹಾಲುಹಲ್ಲು ಉದುರಿಸಿಕೊಳ್ಳುತ್ತಿದ್ದ ಕಾಲದಿಂದ ನಾನು ಹಲ್ಲು ಕಟ್ಟುತ್ತಿದ್ದೇನೆ. ಇಪ್ಪತ್ತೇಳು ವರ್ಷ. ಆಕೆಯ ಕೆಲಸ ಹಲ್ಲು ಕೊರೆದು ಅದರ ಸ್ಕ್ಯಾನ್ ಕಳಿಸುವುದು, ಅಷ್ಟೇ. ಕೊರೆದ ಹಲ್ಲಿನ ಸುತ್ತ ಅಂಚಿನ ಗೆರೆ ಎಳೆದು, ಅದರ ಮೇಲೆ ಕೂರುವ ಹೊಸ ಹಲ್ಲಿನ ಡಿಸೈನ್ ಮಾಡುವವಳು ನಾನು. ಅದರಂತೆ ಕಡೆಯುವುದು ಮಿಶಿನ್ನು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಕ್ರೌನು ಕೂರುವುದಿಲ್ಲ. ಅದನ್ನು ಈ ಹುಡುಗಿಯಿಂದ ಕಲಿಯಬೇಕೆ? ಮೊದಲು ಸ್ಕ್ಯಾನರ್ ಹಿಡಿಯಲು ಕಲಿಯಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಉಳಿದ ತಪ್ಪು ಈ ಲ್ಯಾಪ್‌ಟಾಪಿನದು. ಹಲ್ಲನ್ನು ತಿರುಗಿಸಿದರೆ ನಿಂತು ನಿಂತು ತಿರುಗುತ್ತದೆ. ಗೆರೆ ಎಳೆಯುವಾಗ ಎಗರುತ್ತದೆ. ಇದನ್ನು ಇಟ್ಟುಕೊಂಡು ದೇವರೂ ಹಲ್ಲು ಮಾಡಲಾರ.

ಈ ಪೆನ್ನೂ ಅಷ್ಟೇ. ಅಕ್ಷರ ಹೋದ ಕಡೆ ಹೋಗುತ್ತಿದೆ. ಎಸೆದೆ.

ಜೂನ್ 5

ಡಾಕ್ಟರಮ್ಮನ ಫೋನು. ಮುಂದಿನ ಆರು ಹಲ್ಲು, ಒಂದಕ್ಕೊಂದು ಸೇರಿಸಿ ಒಂದೇ ಬ್ರಿಡ್ಜು. 27ಕ್ಕೆ ಬೇಕಂತೆ.

"ಮೇಡಂ, ಇದೂ ಕೂರದಿದ್ರೆ ನಾನು ಬೇರೆ ಲ್ಯಾಬ್ ನೋಡ್ಕೋಬೇಕಾಗುತ್ತೆ. ನನಗೂ ಬೇಜಾರೇ. ಆದ್ರೆ ಪೇಷಂಟು ಬಾಯಿ ಬಿಟ್ಕೊಂಡು ಎಷ್ಟು ಸಲ ಕೂರ್ತಾರೆ, ನೀವೇ ಹೇಳಿ."

ಮೆತ್ತಗೆ ಹೇಳಿದಳು. ಮೆತ್ತಗೆ ಹೇಳುವವರನ್ನು ಕಂಡರೆ ನನಗೆ ಇನ್ನೂ ಉರಿ. ಬೇರೆ ಲ್ಯಾಬ್ ಅಂದರೆ ಆ ಗಾಜಿನ ಬಾಗಿಲಿನವರು. ಬಿಳಿ ಕೋಟು, ಎಸಿ, ಕುರ್ಚಿಗೊಂದು ಗಾಲಿ. ಕೈಯಾರೆ ವ್ಯಾಕ್ಸಿನಲ್ಲಿ ಒಂದು ಹಲ್ಲು ಕೆತ್ತಿ ನೋಡದ ಮಂದಿ.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಆಕೆಯದೇ. ಅದು ಹೋದರೆ ಲ್ಯಾಬು ಮಾಡಿಕೊಂಡಿರುವ ಮನೆಯ ಈ ಮುಂದಿನ ಕೋಣೆಗೆ ಬೀಗ. ಆಮೇಲೆ ನಾನು ಯಾರು? ಇವರ ಹೆಂಡತಿ. ಅಷ್ಟೇ.

ಜೂನ್ 6. ಸಂಜೆ

ಪಂಡಿತ ಬಂದಿದ್ದ. ಇವರ ತಮ್ಮ. ಕಂಪ್ಯೂಟರ್ ರಿಪೇರಿ ಅಂಗಡಿ. ಪಂಡಿತ ಅಂತ ಹೆಸರಿಟ್ಟವಳು ನಾನೇ, ಕೇಳದಿದ್ದದ್ದನ್ನೂ ಹೇಳುತ್ತಾನೆ ಅಂತ.

ನಾನು ಗೆರೆ ಎಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ಮಗುಚಿ ಹಾಕಿದ.

"ಹಳೇದಾಯ್ತು ಅತ್ತಿಗೆ."

ಅದನ್ನು ಹೇಳಲು ಪಂಡಿತರೇ ಬರಬೇಕೇ? ಅಂಗೈ ಹುಣ್ಣಿಗೆ ಕನ್ನಡಿ.

"ಚಿತ್ರ ತಿರುಗಿಸೋದೆಲ್ಲ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಇದರದ್ದಕ್ಕೆ ಶಕ್ತಿ ಇಲ್ಲ. ಬದಲಾಯಿಸೋಣ ಅಂದ್ರೆ ಬೋರ್ಡಿಗೇ ಅಂಟ್ಕೊಂಡಿದೆ. ಆದ್ರೆ ಡೆಸ್ಕ್‌ಟಾಪಿನ ಕಾರ್ಡನ್ನ ಹೊರಗಡೆಯಿಂದ ಜೋಡಿಸಬಹುದು."

"ಹೊರಗಡೆಯಿಂದ ಅಂದ್ರೆ?"

"ಮೇಜಿನ ಮೇಲೇ ಇಡೋದು. ನಡುವೆ ಒಂದು ಕೇಬಲ್."

ಮನೆ ಸಾಲದು ಅಂತ ಅಡುಗೆಮನೆಯನ್ನು ಬೀದಿಯಲ್ಲಿ ಕಟ್ಟಿಕೊಂಡ ಹಾಗೆ. ಹಾಗಂತ ಅಂದೂಬಿಟ್ಟೆ. ನಕ್ಕ. ಇವರೂ ನಕ್ಕರು. ಅಣ್ಣ ತಮ್ಮ ಇಬ್ಬರಿಗೂ ನಗು ಅಗ್ಗ.

"ಒಂದ್ಸಲ ನೋಡೇಬಿಡೋಣ ಅತ್ತಿಗೆ. ಲ್ಯಾಪ್‌ಟಾಪಿಂದೇ ತಪ್ಪು ಅಂತ ಗೊತ್ತಾಗಿಬಿಡ್ಲಿ."

ಗೊತ್ತೇ ಇದೆಯಲ್ಲ. ಇನ್ನೇನು ಗೊತ್ತಾಗಬೇಕು?

ಜೂನ್ 9

ಲ್ಯಾಬು ಈಗ ಗುಜರಿ ಅಂಗಡಿ.

ಲ್ಯಾಪ್‌ಟಾಪಿನ ತಳ ಬಿಚ್ಚಿ ವೈಫೈ ಕಾರ್ಡು ಕಿತ್ತ. ಆ ಜಾಗಕ್ಕೆ ಅವನ ಕೇಬಲ್. ಅದರ ತುದಿಗೆ ಒಂದು ಹಸಿರು ಹಲಗೆ. ಹಲಗೆಯ ಮೇಲೆ ಕಾರ್ಡು, ಇಟ್ಟಿಗೆಯಷ್ಟು ದಪ್ಪ, ಎರಡು ಫ್ಯಾನು.

"ಇಂಟರ್ನೆಟ್ಟು?"

"ಇರಲ್ಲ ಅತ್ತಿಗೆ. ಸ್ಕ್ಯಾನೆಲ್ಲ ನಾನು ಪೆನ್‌ಡ್ರೈವಲ್ಲಿ ತಂದು ಕೊಡ್ತೀನಿ."

ಕಣ್ಣು ಬೇಕು ಅಂದವಳಿಗೆ ಕಿವಿ ಕಿತ್ತು ಕೊಟ್ಟ.

ಕಾರ್ಡಿಗೆ ಕರೆಂಟು ಕೊಡಲು ಯಾವುದೋ ಸತ್ತ ಡೆಸ್ಕ್‌ಟಾಪಿನ ಪವರ್ ಸಪ್ಲೈ. ಅದು ಸುಮ್ಮನೆ ಆನ್ ಆಗುವುದಿಲ್ಲವಂತೆ. ಪೇಪರ್ ಕ್ಲಿಪ್ ಬಾಗಿಸಿ ಅದರ ಪ್ಲಗ್ಗಿನ ಎರಡು ತೂತಿಗೆ ಸಿಕ್ಕಿಸಿದ. "ಕಂಪ್ಯೂಟರ್ ಒಳಗೇ ಇದೀನಿ ಅಂತ ಇದನ್ನ ನಂಬಿಸಬೇಕು ಅತ್ತಿಗೆ." ಪೇಪರ್ ಕ್ಲಿಪ್ಪಿಗೆ ಮೋಸಹೋಗುವ ಡಬ್ಬಿಯ ಮೇಲೆ ನನ್ನ ಇಪ್ಪತ್ತೇಳು ವರ್ಷ ನಿಂತಿದೆ.

ಫ್ಯಾನು ತಿರುಗಿತು. ಕಾರ್ಡಿನ ಮೈಮೇಲೆ ಕೆಂಪು, ನೀಲಿ, ಹಸಿರು ದೀಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಮಾನಿಟರ್ ಕಪ್ಪು.

ಜೂನ್ 10

ಕಪ್ಪು.

ಜೂನ್ 11. ಸಂಜೆ

ಕಪ್ಪು. ಪಂಡಿತನಿಗೆ ಈಗ ಹೊಳೆಯಿತು — ಮೊದಲು ಕಾರ್ಡಿಗೆ ಕರೆಂಟು, ಆಮೇಲೆ ಲ್ಯಾಪ್‌ಟಾಪ್ ಆನ್. ಮೂರು ದಿನ ಉಲ್ಟಾ ಮಾಡುತ್ತಿದ್ದನಂತೆ. ಬೆಟ್ಟ ಅಗೆದು ಇಲಿ ಹಿಡಿದ.

ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನವನು ಚೆಕ್ ವಾಪಸ್ ತಳ್ಳಿದ. "ಸಹಿ ತಾಳೆ ಆಗ್ತಿಲ್ಲ ಮೇಡಂ." ಎರಡನೇ ಸಲ ಹಾಕಿಸಿದ. ಮೂರನೇ ಸಲ. ಕೊನೆಗೆ ಗುರುತಿನ ಚೀಟಿ ಕೇಳಿದ. ಇಷ್ಟು ವರ್ಷದಿಂದ ಅದೇ ಸಹಿ! ಇಂಥ ಕುರುಡರನ್ನೆಲ್ಲ ಹುಡುಕಿ ಹುಡುಕಿ ಕೌಂಟರಿಗೆ ಕೂರಿಸುತ್ತಾರೆ. ಅಲ್ಲಿ ಕಟ್ಟಿಟ್ಟಿದ್ದ ಪೆನ್ನೂ ಅಷ್ಟರಲ್ಲೇ ಇತ್ತು.

ಜೂನ್ 13

ಇವತ್ತು ಕಪ್ಪಲ್ಲ. ಪ್ರಗತಿ. ಸ್ಕ್ರೀನ್ ಮೇಲೆ ಒಂದು ಸಂದೇಶ — ಈ ಕಾರ್ಡಿಗೆ ಜಾಗ ಸಾಲದಂತೆ. ಮೇಜಿನ ತುಂಬ ಕೂತಿರುವುದು ಅದೇ, ಜಾಗ ಇಲ್ಲದಿರುವುದು ನನಗೆ.

"ಒಳಗಿನ ಹಳೇ ಕಾರ್ಡನ್ನ ಆಫ್ ಮಾಡ್ಬೇಕು ಅತ್ತಿಗೆ. ಎರಡೂ ಒಟ್ಟಿಗೆ ಇರೋಕೆ ಒಪ್ತಿಲ್ಲ."

"ವಾರಗಿತ್ತಿಯರಾ?"

ಅವನ ಹೆಂಡತಿಗೆ ಹೇಳುತ್ತಾನೆ ನೋಡಿ ಇದನ್ನು. ಹೇಳಲಿ.

ದಿನಾ ಸಂಜೆ ಅಂಗಡಿ ಬೇಗ ಮುಚ್ಚಿ ಬರುತ್ತಾನೆ. ಬೇರೆ ಗಿರಾಕಿ ಇಲ್ಲ ಅಂತ ಕಾಣುತ್ತದೆ. ಇಂಥ ರಿಪೇರಿ ಮಾಡಿದರೆ ಯಾರು ಬರುತ್ತಾರೆ?

ಜೂನ್ 14

ಇವರು ಈಚೆಗೆ ಚಹಾ ಅರ್ಧ ಲೋಟ ಮಾತ್ರ ಕೊಡುತ್ತಾರೆ. ಕೇಳಿದರೆ, "ಬೇಕಾದ್ರೆ ಇನ್ನರ್ಧ ಆಮೇಲೆ ತರ್ತೀನಿ." ಎರಡು ಸಲ ಓಡಾಡುವುದು ಒಪ್ಪಿಗೆ, ಒಂದೇ ಸಲ ತುಂಬ ಕೊಡುವುದು ಒಪ್ಪಿಗೆಯಿಲ್ಲ. ರಿಟೈರ್ ಆದ ಗಂಡಸಿಗೆ ಜಿಪುಣತನ ಒಂದು ಹವ್ಯಾಸ.

ಎರಡನೇ ಪೆನ್ನೂ ಎಸೆದೆ.

ಜೂನ್ 17. ಸಂಜೆ 5

ಬಂತು.

ಒಪ್ಪಿಕೊಳ್ಳುತ್ತೇನೆ, ಬಂತು. ಡಾಕ್ಟರಮ್ಮನ ಸ್ಕ್ಯಾನ್ ತೆರೆದೆ. ಆರು ಹಲ್ಲು, ವಸಡು, ಎಲ್ಲ. ಮೌಸ್ ಮುಟ್ಟಿದರೆ ಸಾಕು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತದೆ. ಎಲ್ಲೂ ನಿಲ್ಲುವುದಿಲ್ಲ, ಎಗರುವುದಿಲ್ಲ. ಖುಷಿಯಾಯಿತು. ಪಂಡಿತನಿಗೆ ಹೇಳಲಿಲ್ಲ, ತಲೆಗೇರುತ್ತದೆ.

ಗೆರೆ ಎಳೆದೆ.

ಎಗರಿತು.

ಅಳಿಸಿದೆ. ಎಳೆದೆ. ಮೊದಲಿನ ಹಾಗೇ. ಗರಗಸದ ಹಲ್ಲು.

"ನಿನ್ನ ಕಾರ್ಡೂ ಅಷ್ಟರಲ್ಲೇ ಇದೆ," ಅಂದೆ.

ಪಂಡಿತ ಏನೋ ಒತ್ತಿ ನೋಡಿದ. "ಎಲ್ಲೂ ಸಿಕ್ಕಿಕೊಳ್ತಿಲ್ಲ ಅತ್ತಿಗೆ." ಮೌಸ್ ಬದಲಾಯಿಸಿದ. ಎಳೆದೆ. ಅದೇ. ಮೌಸಿನ ಕೆಳಗಿನ ಪ್ಯಾಡ್ ಬದಲಾಯಿಸಿದ. ಅದೇ. ಕೇಬಲ್ ಬಿಗಿ ಮಾಡಿದ. ಅದೇ. ಒಂದು ಸಲಕ್ಕೆ ಒಂದೇ ಬದಲಾಯಿಸುತ್ತಾನೆ, ಮಾತಿಲ್ಲ, ಕತೆಯಿಲ್ಲ. ನನಗೆ ತಲೆ ಕೆಟ್ಟಿತು.

"ಅಷ್ಟು ಸರಿಯಿದ್ರೆ ನೀನೇ ಎಳಿ!"

"ನನಗೆ ಬರಲ್ಲ ಅತ್ತಿಗೆ."

"ಎಳಿಯೋ ಅಂದ್ರೆ!"

ನನ್ನ ಕುರ್ಚಿಯಲ್ಲಿ ಕೂತ. ಹಲ್ಲಿಗೂ ಉಗುರಿಗೂ ವ್ಯತ್ಯಾಸ ಗೊತ್ತಿಲ್ಲದವನು. ಎಳೆದ. ತಪ್ಪು ಜಾಗದಲ್ಲಿ ಎಳೆದ, ಅಂಚು ಬಿಟ್ಟು ವಸಡಿನ ಮೇಲೆ ಹೋದ.

ಆದರೆ ಗೆರೆ ನುಣ್ಣಗೆ ಬಂತು. ಒಂದು ಕಡೆಯೂ ನಡುಗಲಿಲ್ಲ.

ಅವನು ಸ್ಕ್ರೀನ್ ನೋಡುತ್ತಿದ್ದ. ನನ್ನ ಕಡೆ ತಿರುಗಲಿಲ್ಲ. ಇವರು ಬಾಗಿಲಲ್ಲಿ ಅರ್ಧ ಲೋಟ ಚಹಾ ಹಿಡಿದು ನಿಂತಿದ್ದರು.

ಹೊರಗೆ ಹೋಗಿ ಅಂದೆ. ಇಬ್ಬರಿಗೂ.

ಜೂನ್ 22

ಕಾರ್ಡು ಬಿಚ್ಚಿದೆ. ಹಳೇ ಟವೆಲ್ಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ. ಕ್ಲಿಪ್ಪು, ಡಬ್ಬಿ, ಕೇಬಲ್ಲು, ಎಲ್ಲ. ತಳದ ಮುಚ್ಚಳಕ್ಕೆ ಸ್ಕ್ರೂ ಹಾಕಲು ಒಂದು ಗಂಟೆ ಹಿಡಿಯಿತು. ಎರಡು ಸ್ಕ್ರೂ ಮೇಜಿನ ಕೆಳಗೆಲ್ಲೋ ಹೋದವು. ಹೋಗಲಿ.

ಬರೀ ಲ್ಯಾಪ್‌ಟಾಪಿನಲ್ಲೇ ಬ್ರಿಡ್ಜು ಮಾಡುತ್ತೇನೆ. ಅದು ಮೊದಲಿನ ಹಾಗೇ ನಿಂತು ನಿಂತು ತಿರುಗುತ್ತದೆ. ನೋಡಿ ಸಮಾಧಾನವಾಯಿತು. ಎಂಥ ಸಮಾಧಾನ ಇದು ಅಂತ ನನಗೇ ನಾಚಿಕೆ.

ಜೂನ್ 3ರ ಪುಟ ತೆರೆದೆ. ಡಾಕ್ಟರಮ್ಮನ ಮೇಲೆ ಬರೆದಿದ್ದ ಕುಣಿಯಲಾರದವಳ ಗಾದೆಯನ್ನು ಹೊಡೆದು ಹಾಕಿದೆ. ಹೊಡೆದ ಗೆರೆಯೂ ನೆಟ್ಟಗೆ ಬರಲಿಲ್ಲ.

ಜೂನ್ 24. ಸಂಜೆ

ಇನ್ನು ಮೂರು ದಿನ. ಬ್ರಿಡ್ಜು ಆಗಿಲ್ಲ. ಹನ್ನೊಂದು ಸಲ ಎಳೆದು ಅಳಿಸಿದೆ.

ಪಂಡಿತ ಬಂದ. ಕಪಾಟಿನ ಮೇಲೆ ಟವೆಲ್ ನೋಡಿದ. ಸ್ಟೂಲ್ ಎಳೆದುಕೊಂಡು ಕೂತ.

"ಯಾವಾಗಿಂದ ಗೊತ್ತು ನಿನಗೆ?" ಅಂತ ನಾನೇ ಕೇಳಿದೆ.

"ಮೊದಲ್ನೇ ದಿನ, ಪಕ್ಕದಲ್ಲಿ ನಿಂತಿದ್ನಲ್ಲ, ಆಗ್ಲೇ ಅನುಮಾನ ಬಂತು. ಖಚಿತ ಇರ್ಲಿಲ್ಲ. ನಮ್ಮ ಕೆಲಸದಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕಾದ್ರೆ ಒಂದೊಂದೇ ಬದಲಾಯಿಸಿ ನೋಡ್ತೀವಿ ಅತ್ತಿಗೆ."

"ಅದಕ್ಕೇ ಇಷ್ಟು ದಿನ ಈ ನಾಟಕ?"

"ನಾಟಕ ಅಲ್ಲ." ಕೈಯಲ್ಲಿ ಇನ್ನೊಂದು ಪೇಪರ್ ಕ್ಲಿಪ್ ತಿರುಗಿಸುತ್ತಿದ್ದ. "ಲ್ಯಾಪ್‌ಟಾಪಿಂದೇ ತಪ್ಪಾಗಿರ್ಲಿ ಅಂತ ದಿನಾ ಅಂದ್ಕೊಂಡೇ ಬರ್ತಿದ್ದೆ. ಅದಾದ್ರೆ ನನಗೆ ರಿಪೇರಿ ಮಾಡೋಕೆ ಬರುತ್ತೆ."

ಇಂಥ ಮಾತಿಗೆ ಏನು ಬೈಯುವುದು? ಅತ್ತುಬಿಟ್ಟೆ. ಅವನ ಎದುರಿಗೇ ಅತ್ತುಬಿಟ್ಟೆ, ನಾನು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದವನ ಎದುರಿಗೆ.

"ನಿಮ್ಮಣ್ಣನಿಗೆ?"

"ಅರ್ಧ ಲೋಟ ಚಹಾ ಯಾಕೆ ತರ್ತಿದ್ದ ಅಂದ್ಕೊಂಡ್ರಿ?"

ಜಿಪುಣ ಅಂದಿದ್ದೆ.

ಜೂನ್ 26

ಕಾರ್ಡು ಮತ್ತೆ ಮೇಜಿನ ಮೇಲೆ. ದೀಪ ಆರಿಸು ಅಂದರೆ ಅದಕ್ಕೆ ಸ್ವಿಚ್ಚಿಲ್ಲವಂತೆ. ಕಾಗದ ಅಂಟಿಸಿದೆ.

ನನ್ನ ಕುರ್ಚಿಯಲ್ಲಿ ಪಂಡಿತ, ಪಕ್ಕದ ಸ್ಟೂಲ್ ಮೇಲೆ ನಾನು. ಕೈ ಅವನದು, ಕಣ್ಣು ನನ್ನದು.

"ಕೆಳಗೆ ಬಾ. ಇನ್ನೂ. ಸಾಕು! ವಸಡು ಹತ್ತಬೇಡ. ಅಲ್ಲಿ ಮೆಟ್ಟಿಲಿನ ಹಾಗೆ ಕಾಣ್ತಿದೆಯಲ್ಲ, ಅದರ ಹೊರ ಅಂಚು. ಹೊರ ಅಂದ್ರೆ ಹೊರ! ಎಮ್ಮೆ ಕಾಯೋಕೆ ಹೋಗು ನೀನು."

"ಹೂಂ ಅತ್ತಿಗೆ."

ಇಪ್ಪತ್ತು ನಿಮಿಷದ ಕೆಲಸಕ್ಕೆ ಆರು ಗಂಟೆ. ಈಗ ಮಿಶಿನ್ನು ಕಡೆಯುತ್ತಿದೆ, ಬೆಳಿಗ್ಗೆ ಕಳಿಸಬೇಕು. ಬೆನ್ನು ಸೆಟೆದುಕೊಂಡಿದೆ. ಕಚ್ಚಿದಾಗ ಮೇಲಿನ ಕೆಳಗಿನ ಹಲ್ಲು ಎಲ್ಲಿ ಸೇರಬೇಕು ಅಂತ ಮೂರು ಸಲ ಹೇಳಿಕೊಟ್ಟೆ. ಮೂರನೇ ಸಲ ಅವನೇ, "ಇಲ್ಲಿ ಸ್ವಲ್ಪ ಎತ್ತರ ಆಯ್ತೇನೋ ಅತ್ತಿಗೆ?" ಅಂದ. ಹೌದು, ಆಗಿತ್ತು. ಹೇಳಲಿಲ್ಲ. "ನೋಡೋಣ," ಅಂದೆ. ಕೂದಲೆಳೆಯಷ್ಟು ಇಳಿಸಿದ.

ಇವರು ಮೂರು ಅರ್ಧ ಲೋಟ ತಂದರು. ನನ್ನದನ್ನು ಎರಡು ಕೈಯಲ್ಲಿ ಹಿಡಿದು ಕುಡಿದೆ, ಅವರು ನೋಡುತ್ತಿದ್ದಂತೆಯೇ.

ಜೂನ್ 28. ಬೆಳಿಗ್ಗೆ 9

ನಿನ್ನೆ ಸಂಜೆ ಡಾಕ್ಟರಮ್ಮನ ಫೋನು. "ಕೂತ್ಕೊಳ್ತು ಮೇಡಂ! ಹಾಗೇ, ಒಂದೇ ಸಲಕ್ಕೆ. ಎಲ್ಲೂ ಉಜ್ಜಬೇಕಾಗ್ಲಿಲ್ಲ."

ಕೂರದೆ ಏನು. ಅಷ್ಟಕ್ಕೇ ಫೋನಿಟ್ಟುಬಿಡಬಹುದಿತ್ತು.

"ಗೆರೆ ಎಳೆದಿದ್ದು ನಾನಲ್ಲ," ಅಂದೆ. "ನನ್ನ ಕೈ ನಡುಗುತ್ತೆ. ವಾಪಸ್ ಬಂದ ನಾಲ್ಕೂ ನನ್ನ ತಪ್ಪೇ. ನಿಮ್ಮ ಸ್ಕ್ಯಾನು ಸರಿಯಾಗೇ ಇತ್ತು."

ಈಗ ಸಮಾಧಾನ ಹೇಳುತ್ತಾಳೆ ಅಂತ ಹಲ್ಲು ಕಚ್ಚಿಕೊಂಡು ಕೂತೆ. ಹೇಳಲಿಲ್ಲ.

"ಮುಂದಿನದೂ ಅವರೇ ಎಳೀತಾರಾ ಮೇಡಂ?"

"ಗೊತ್ತಿಲ್ಲ. ಅವನಿಗೆ ಅವನ ಅಂಗಡಿ ಇದೆ."

"ಸರಿ. ಸೋಮವಾರ ಎರಡು ಸ್ಕ್ಯಾನ್ ಕಳಿಸ್ತೀನಿ. ಆಗುತ್ತೋ ಇಲ್ವೋ ನೋಡಿ ಹೇಳಿ."

ಅಷ್ಟೇ. ಪರವಾಗಿಲ್ಲ ಹುಡುಗಿ.

ಇವತ್ತು ಹತ್ತೂವರೆಗೆ ನರದ ಡಾಕ್ಟರು. ಇವರು ಚೀಟಿ ಮಾಡಿಸಿ ಎರಡು ತಿಂಗಳಾಯಿತಂತೆ, ದಿನ ಮುಂದೂಡಿಸುತ್ತಲೇ ಇದ್ದರಂತೆ, ನಾನು ಹೂಂ ಅನ್ನಲಿ ಅಂತ. ಇಪ್ಪತ್ನಾಲ್ಕು ವರ್ಷ ನನ್ನ ಬಾಯಿ ತಡೆದುಕೊಂಡವರಿಗೆ ಎರಡು ತಿಂಗಳು ಯಾವ ಲೆಕ್ಕ. ಬಟ್ಟೆ ಹಾಕಿಕೊಂಡು ಆಗಲೇ ಹೊರಗೆ ನಿಂತಿದ್ದಾರೆ. ಕರೆಯುತ್ತಿಲ್ಲ. ಕರೆದರೆ ಬೈಯುತ್ತೇನೆ ಅಂತ ಗೊತ್ತು.

ಭಯವಾಗುತ್ತಿದೆ. ಬರೆದೇಬಿಟ್ಟೆ, ಇರಲಿ.

ಕಸದ ಬುಟ್ಟಿಯಲ್ಲಿ ಹುಡುಕಿದೆ, ಆ ಎರಡು ಪೆನ್ನು ಸಿಗಲಿಲ್ಲ. ಯಾವಾಗಲೋ ಗಾಡಿಗೆ ಹೋಗಿರಬೇಕು. ಒಳ್ಳೆಯ ಪೆನ್ನುಗಳು. ಅವಕ್ಕೆ ಏನೂ ಆಗಿರಲಿಲ್ಲ.