ರವಿವಾರ ಇಳಿಸಬೇಕಾದ ಸ್ವಿಚ್

ವೈನಿ,

ಮೊದಲ ಬಸ್ಸಿಗೆ ಸೋಲಾಪುರಕ್ಕೆ ಹೊರಟೆ. ಎದುರಿಗೆ ನಿಂತು ಹೇಳಲು ಆಗಲಿಲ್ಲ, ಅದಕ್ಕೆ ಎಬ್ಬಿಸಲಿಲ್ಲ. ಮೂರು ತಿಂಗಳು ಹಾಸ್ಟೆಲಿನಲ್ಲಿದ್ದು ಕಲಿಯಬೇಕು. ಅವ್ವನಿಗೆ ಕಂಪ್ಯೂಟರ್ ಕೋರ್ಸು ಎಂದಿದ್ದೇನೆ. ಅದು ವೈರ್‌ಮನ್ ಕೋರ್ಸು. ಬಾಯಿ ಬಿಡಬೇಡಿ.

ಕುಂಟುವ ಕುರಿಮರಿಯ ಕಾಲಿಗೆ ಸಂಜೆ ಔಷಧ ಹಚ್ಚಿ. ಬಾಟಲಿ ಬಾಗಿಲ ಪಕ್ಕದ ಗೂಡಿನಲ್ಲಿದೆ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ಬಾವಿಯ ಪಂಪಿನ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡೆದು ಅಣ್ಣ ಹೋದಾಗಿನಿಂದ ಅವ್ವ ಪ್ರತಿ ರವಿವಾರ ಜಳಕ ಮಾಡಿ, ಒದ್ದೆ ಕೈಯಲ್ಲೇ ಆ ಸ್ಟಾರ್ಟರ್ ಪೆಟ್ಟಿಗೆಗೆ ಭಂಡಾರದ ಅರಿಶಿನ ಹಚ್ಚುತ್ತಾಳೆ. ಬೇಡವೆಂದರೆ, "ಮೈಲಾರಗ ನನ್ನ ಕಾಳಜಿ ಐತಿ, ನೀ ಸುಮ್ಕಿರು" ಎನ್ನುತ್ತಾಳೆ. ಇಷ್ಟು ದಿನ ಅವಳಿಗಿಂತ ಮುಂಚೆ ಹೋಗಿ ನಾನು ಮೇನ್ ಸ್ವಿಚ್ ಇಳಿಸಿ ಬರುತ್ತಿದ್ದೆ. ಅವಳಿಗೆ ಗೊತ್ತಿಲ್ಲ.

"ಆ ಬಾವಿ ಕಡಿ ನಾ ಹೊಳ್ಳಿನೂ ನೋಡಂಗಿಲ್ಲ" ಎಂದು ಗಂಡನನ್ನು ಕಳೆದುಕೊಂಡ ದಿನ ನೀವು ಅಂದದ್ದು ಮರೆತಿಲ್ಲ. ಆದರೆ ಮನೆಯಲ್ಲಿ ಬೇರೆ ಯಾರಿದ್ದಾರೆ? ನನ್ನ ರಬ್ಬರ್ ಚಪ್ಪಲಿ ಬಿಟ್ಟುಹೋಗುತ್ತಿದ್ದೇನೆ, ಹಾಕಿಕೊಳ್ಳಿ. ಕೈ ಚೆನ್ನಾಗಿ ಒರೆಸಿಕೊಂಡು ಸ್ವಿಚ್ಚಿನ ಹಿಡಿಕೆಯನ್ನು ಕೆಳಕ್ಕೆ ಎಳೆಯಿರಿ, ಅಷ್ಟೇ. ಸ್ಟಾರ್ಟರ್ ಕಡೆ ನೋಡಬೇಡಿ.

ಅಂಜುವವರು ನೀವೊಬ್ಬರೇ ಅಲ್ಲ. ಅಲ್ಲಿ ಮೊದಲ ವಾರವೇ ಕೈಗೆ ತಂತಿ ಕೊಡುತ್ತಾರಂತೆ. ಆದರೂ ಈ ಮನೆಯಲ್ಲಿ ಒಬ್ಬರಾದರೂ ಅದನ್ನು ಕಲಿಯಬೇಕಲ್ಲ.

ಪ್ರತಿ ರವಿವಾರ ಸ್ವಿಚ್ ಇಳಿಸಿದ ಕೂಡಲೇ ನನಗೊಂದು ಮಿಸ್ ಕಾಲ್ ಕೊಡಿ. ನಾನು ಎತ್ತುವುದಿಲ್ಲ, ನೀವೂ ಮಾತಾಡಬೇಕಿಲ್ಲ. ಒಮ್ಮೆ ಬಾರಿಸಿದರೆ ಸಾಕು. ಬಾರಿಸದಿದ್ದರೆ ಸಿಕ್ಕ ಬಸ್ಸು ಹಿಡಿದು ಬಂದುಬಿಡುತ್ತೇನೆ. ಆದರೆ ನಾನು ನಮ್ಮೂರು ಚಪಳಗಾಂವ ಮುಟ್ಟುವಷ್ಟರಲ್ಲಿ ಅವ್ವ ಬಾವಿಗೆ ಹೋಗಿರುತ್ತಾಳೆ.

ಅಮೋಗಸಿದ್ಧ